ಹೊಳೆಯುವ ಬೋಲ್ಟು, ಕರಗಿದ ಅಲ್ಯೂಮಿನಿಯಂ: ಹೇಮಾವತಿ ಹಿನ್ನೀರಿನ ಒಂದು ದೋಣಿಯ ಪ್ರಕರಣ

ದೋಣಿ ಹದಿನಾರು ಅಡಿಯದು. ಒಡಲು 3 ಮಿ.ಮೀ. ದಪ್ಪದ, ದೋಣಿಗಳಿಗೆ ಬಳಸುವ 5083 ದರ್ಜೆಯ ಅಲ್ಯೂಮಿನಿಯಂ ತಗಡು, ಹಿಂದೆ ಔಟ್‌ಬೋರ್ಡ್ ಎಂಜಿನ್, ಮೇಲೆ ನಾಲ್ಕು ಅಲ್ಯೂಮಿನಿಯಂ ಕಂಬಗಳ ಛಾವಣಿ. ನಾಲ್ಕು ವರ್ಷ ಉಡುಪಿ ಕಡೆಯ ಅಳಿವೆಯಲ್ಲಿ ಓಡಿ, ಆಮೇಲೆ ಸೆಕೆಂಡ್ ಹ್ಯಾಂಡಿಗೆ ಮಾರಾಟವಾಗಿ ಘಟ್ಟ ಹತ್ತಿತು. ಈಗ ಅದರ ಕೆಲಸ ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ: ಆಲೂರು ಕಡೆಯ ದಂಡೆಯ ತೋಟಕ್ಕೆ ಆಳು, ಗೊಬ್ಬರ, ಸ್ಪ್ರೇ ಪಂಪು, ಡ್ರಮ್ಮು ದಾಟಿಸುವುದು.

ಸಿಹಿನೀರಿಗೆ ಬಂದಮೇಲೆ ಉಪ್ಪಿನ ಕಾಟ ಮುಗಿಯಿತು ಎಂಬುದು ಮಾಲೀಕರ ಲೆಕ್ಕ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಕಂಬಗಳ ಬುಡದಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಒಂದು ಗಾಳಿಗೆ ಎಡಬದಿಯ ಹಿಂದಿನ ಕಂಬ ಬುಡಸಮೇತ ಕಿತ್ತು ಬಂತು. ಅದರ ನಾಲ್ಕು ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಬೋಲ್ಟುಗಳಲ್ಲಿ ಒಂದೂ ಮುರಿದಿರಲಿಲ್ಲ, ನಟ್ಟು ಸಡಿಲವೂ ಆಗಿರಲಿಲ್ಲ. ಬೋಲ್ಟು ಹಿಡಿದುಕೊಂಡಿದ್ದ ಅಲ್ಯೂಮಿನಿಯಂ ಮಾತ್ರ ಇಲ್ಲವಾಗಿತ್ತು. 8.5 ಮಿ.ಮೀ. ಇದ್ದ ತೂತು ಹರಿದು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಅಂಚು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು.

ಇಂಥ ದೋಣಿ ಬಂದಾಗ ಹೆಚ್ಚಿನ ಕಡೆ ಕೊಡುವ ಸಲಹೆ ಎರಡು. ಒಂದು, 304 ದರ್ಜೆಯ ಸ್ಟೇನ್‌ಲೆಸ್ ಬೋಲ್ಟು ತೆಗೆದು, ತುಕ್ಕನ್ನು ಇನ್ನೂ ಹೆಚ್ಚು ತಡೆಯುವ 316 ಹಾಕಿ. ಎರಡು, ದೋಣಿಯ ಬದಲು ತಾನು ಸವೆಯುವ ಜಿಂಕ್ ಬಿಲ್ಲೆ ಕಟ್ಟಿ. ಈ ದೋಣಿಗೆ ಎರಡೂ ಉಪಯೋಗಕ್ಕೆ ಬರುತ್ತಿರಲಿಲ್ಲ. 316ಕ್ಕೆ ಹೋದರೆ ಬೋಲ್ಟು ಇನ್ನಷ್ಟು ದಿನ ಹೊಳೆಯುತ್ತದೆ, ಅಲ್ಯೂಮಿನಿಯಂ ಸವೆಯುವುದು ಹಾಗೇ ನಡೆಯುತ್ತದೆ. ಕಳಚಿ ಬಿದ್ದ ಕಂಬವಂತೂ ನೀರಿನಿಂದ ಎರಡು ಅಡಿ ಮೇಲಿತ್ತು. ನೀರಿನಾಚೆಗಿನ ಬೋಲ್ಟಿಗೆ ನೀರಿನೊಳಗಿನ ಜಿಂಕ್ ಏನೂ ಮಾಡಲಾರದು.

ಬಿಚ್ಚಿದಾಗ ಕಂಡದ್ದು

ಬುಡದ ಎರಕದ ಚಪ್ಪಟೆಯ ಕೆಳಗೆ ಬಿಳಿ ಹಿಟ್ಟಿನಂಥ ಪದರ. ಅದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಮೂಲ ಲೋಹಕ್ಕಿಂತ ಎಷ್ಟೋ ಹೆಚ್ಚು ಜಾಗ ಬೇಡುತ್ತದೆ; ಹಾಗಾಗಿಯೇ ಬಣ್ಣ ಎದ್ದು ನಿಲ್ಲುತ್ತದೆ, ಥ್ರೆಡ್ ಕಚ್ಚಿಕೊಳ್ಳುತ್ತದೆ. ಬೋಲ್ಟಿನ ತಲೆ ಹೊಸದರಂತೆ ಇದ್ದರೂ ತೂತಿನೊಳಗಿದ್ದ ಭಾಗದಲ್ಲಿ ಕಂದು ಕಲೆ, ಸಣ್ಣ ಗುಳಿ. ಗಾಳಿಯಾಡದ ಸಂದಿಯಲ್ಲಿ ಸ್ಟೇನ್‌ಲೆಸ್ಸಿನ ಮೇಲಿನ ರಕ್ಷಣೆಯ ಪೊರೆಯೂ ಕುಂದುತ್ತದೆ ಎನ್ನುವುದಕ್ಕೆ ಅದು ಗುರುತು.

ಆ ಬಿಳಿ ಪುಡಿಯನ್ನು ಒಂದು ಚಿಟಿಕೆ ಕೆರೆದು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಕಲಕಿ, ಸೋಸಿ, ಎರಡು ಹನಿ ನೈಟ್ರಿಕ್ ಆಸಿಡ್ ಬಿಟ್ಟು ಸಿಲ್ವರ್ ನೈಟ್ರೇಟ್ ಸೇರಿಸಿದರೆ ನೀರು ಹಾಲಿನಂತಾಯಿತು. ಕ್ಲೋರೈಡ್ ಇದೆ. ನಲ್ಲಿ ನೀರಿನಲ್ಲಿ ಈ ಪರೀಕ್ಷೆ ಮಾಡಬಾರದು, ಅದರಲ್ಲೇ ಕ್ಲೋರೈಡ್ ಇರುತ್ತದೆ. ಅಳಿವೆಯ ಉಪ್ಪು ಘಟ್ಟದ ಮೇಲಕ್ಕೂ ವಾಷರಿನಡಿಯಲ್ಲಿ ಕೂತು ಬಂದಿತ್ತು. ಮೇಲಿನಿಂದ ಎಷ್ಟು ನೀರು ಹೊಯ್ದು ತೊಳೆದರೂ ಬಿಗಿದ ಸಂದಿಯೊಳಗಿನ ಉಪ್ಪು ಹೋಗುವುದಿಲ್ಲ. ಬಿಸಿಲಿಗೆ ಒಣಗುತ್ತದೆ, ಮಳೆಗೆ ಕರಗುತ್ತದೆ, ಮತ್ತೆ ಕೆಲಸ ಶುರುವಾಗುತ್ತದೆ.

ಆದರೆ ದೋಣಿಯ ತಳದೊಳಗೆ ಬೇರೆಯದೇ ಒಂದು ಹಾವಳಿ ಇತ್ತು. ಬೋಲ್ಟೇ ಇಲ್ಲದ ಕಡೆ, ಡ್ರಮ್ಮು ಇಡುವ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಗುಳಿಗಳು ಚದುರಿದಂತೆ ಬಿದ್ದಿದ್ದವು. ಒಂದೊಂದರ ಮೇಲೂ ಬಿಳಿ ಮುಚ್ಚಳ. ಇದಕ್ಕೆ ಬೋಲ್ಟಿನ ಮೇಲೆ ತಪ್ಪು ಹೊರಿಸುವಂತಿಲ್ಲ. ಡ್ರಮ್ಮಿನಲ್ಲಿ ಸಾಗಿಸುತ್ತಿದ್ದುದು ಬೋರ್ಡೋ ದ್ರಾವಣ, ಎಂದರೆ ತೋಟಕ್ಕೆ ಸಿಂಪಡಿಸುವ ತಾಮ್ರದ ಶಿಲೀಂಧ್ರನಾಶಕ.

ಕಾರಣ: ಬೋಲ್ಟಿನ ಸುತ್ತ

ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ, ಎರಡನ್ನೂ ಒಂದೇ ನೀರು ತೋಯಿಸಿದರೆ ಅದು ಬ್ಯಾಟರಿ. ಸಮುದ್ರದ ನೀರಿನಲ್ಲಿ ಅಳೆದರೆ 5083 ಅಲ್ಯೂಮಿನಿಯಂಗೂ ಪೊರೆ ಗಟ್ಟಿಯಾಗಿರುವ 316ಕ್ಕೂ ನಡುವೆ ಸುಮಾರು 0.7 ವೋಲ್ಟ್ ಅಂತರ. ಕರಗುವ ಕಡೆ ಅಲ್ಯೂಮಿನಿಯಂ, ಉಳಿಯುವ ಕಡೆ ಸ್ಟೇನ್‌ಲೆಸ್. ಲೋಹದಿಂದ ಲೋಹಕ್ಕೆ ಕರೆಂಟು ಹರಿಯುವ ದಾರಿ ಒಂದು, ನೀರಿನ ಮೂಲಕ ಹಿಂತಿರುಗುವ ದಾರಿ ಇನ್ನೊಂದು. ಇವೆರಡರಲ್ಲಿ ಒಂದು ಕಡಿದರೂ ಸವೆತ ನಿಲ್ಲುತ್ತದೆ. ಬೋಲ್ಟಿನ ದರ್ಜೆ ಬದಲಿಸುವುದರಿಂದ ಯಾವ ದಾರಿಯೂ ಕಡಿಯುವುದಿಲ್ಲ.

ಸಣ್ಣ ಬೋಲ್ಟು, ದೊಡ್ಡ ತಗಡು ಇದ್ದರೆ ಅಪಾಯ ಕಡಿಮೆ ಎಂಬ ಮಾತೊಂದಿದೆ. ಸಮುದ್ರದಲ್ಲಿ ಮುಳುಗಿದ ಭಾಗಕ್ಕೆ ಅದು ತಕ್ಕಮಟ್ಟಿಗೆ ನಿಜ. ಅಲ್ಲಿ ನೀರಿನ ವಾಹಕತೆ ಸೆಂಟಿಮೀಟರಿಗೆ ಸುಮಾರು 50,000 ಮೈಕ್ರೋಸೀಮೆನ್ಸ್. ಕರೆಂಟು ದೂರದೂರಕ್ಕೆ ಹರಡಿ ಇಡೀ ತಗಡು ನಷ್ಟವನ್ನು ಹಂಚಿಕೊಳ್ಳುತ್ತದೆ. ಮಲೆನಾಡಿನ ಹೊಳೆ ನೀರಿನದು ಸಾಮಾನ್ಯವಾಗಿ ಕೆಲವು ನೂರು ಮೀರದು. ಮಳೆಯ ತೆಳು ಪದರದಲ್ಲಿ ಕರೆಂಟಿಗೆ ದೂರ ಹೋಗಲು ಆಗುವುದಿಲ್ಲ, ಹಾಗಾಗಿ ಬೋಲ್ಟಿನ ಪಕ್ಕದ ನಾಲ್ಕೈದು ಮಿಲಿಮೀಟರನ್ನೇ ಆಳಕ್ಕೆ ತಿನ್ನುತ್ತದೆ. ಒಟ್ಟು ಸವೆತ ಕಡಿಮೆ, ಆದರೆ ಬೇಕಾದ ಜಾಗದಲ್ಲೇ ಸವೆತ. ಸಿಹಿನೀರಿನ ದೋಣಿಗಳಲ್ಲಿ ಇದನ್ನು ಹಗುರವಾಗಿ ಕಾಣುವುದು ಸರಿಯಲ್ಲ.

ಹಿನ್ನೀರಿನ ರೀತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಗರಿಷ್ಠ ಮಟ್ಟ 2,922 ಅಡಿಯಿಂದ ನೀರು ಇಳಿಯುತ್ತಾ ಶೆಟ್ಟಿಹಳ್ಳಿಯ ಇಗರ್ಜಿ ನೀರಿನಿಂದ ಹೊರಬರುವ ಹೊತ್ತಿಗೆ ದೋಣಿ ದಂಡೆಯ ಮೇಲೆ ವಾರಗಟ್ಟಲೆ ಬಿದ್ದಿರುತ್ತದೆ. ರಾತ್ರಿ ಇಬ್ಬನಿ, ಹಗಲು ಬಿಸಿಲು. ಸಂದಿಯೊಳಗಿನ ಉಪ್ಪಿಗೆ ಅಷ್ಟೇ ಸಾಕು.

ಕಾರಣ: ಡ್ರಮ್ಮಿನ ಅಡಿ

ಶೇ. 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ. ದ್ರಾವಣ ಸರಿಯಾಗಿದೆಯೇ ಎಂದು ತೋಟದವರು ಅದರಲ್ಲಿ ಉಜ್ಜಿದ ಚಾಕು ಅದ್ದಿ ನೋಡುತ್ತಾರೆ. ಅಲಗು ಕೆಂಪಾದರೆ ಇನ್ನೂ ಸುಣ್ಣ ಬೇಕು. ಆ ಕೆಂಪು ತಾಮ್ರ. ದ್ರಾವಣದಲ್ಲಿ ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣದ ಮೇಲೆ ಕೂತು, ಅಷ್ಟೇ ಲೆಕ್ಕದ ಕಬ್ಬಿಣವನ್ನು ಕರಗಿಸಿಕೊಂಡು ಹೋಗುತ್ತದೆ. ಅಲ್ಯೂಮಿನಿಯಂ ಮೇಲೂ ಹಾಗೆಯೇ. ಕೂತ ಪ್ರತಿ ತಾಮ್ರದ ಚುಕ್ಕಿಯೂ ಒಂದು ಪುಟ್ಟ ಬೋಲ್ಟಿನ ಕೆಲಸ ಮಾಡುತ್ತದೆ, ಅದರ ಪಕ್ಕದಲ್ಲಿ ಗುಳಿ ಬೀಳುತ್ತದೆ. ಇದಕ್ಕೆ ಹೆಚ್ಚು ತಾಮ್ರ ಬೇಕಿಲ್ಲ.

ಸುಣ್ಣ ಹೆಚ್ಚಾದರೂ ಒಳ್ಳೆಯದಲ್ಲ. ಅಲ್ಯೂಮಿನಿಯಂನ ಸ್ವಂತ ಪೊರೆ ನಿಲ್ಲುವುದು ಸರಿಸುಮಾರು ಪಿಎಚ್ 4ರಿಂದ 8.5ರ ಒಳಗೆ. ಸುಣ್ಣದ ತಿಳಿ 12ರ ಹತ್ತಿರ ಇರುತ್ತದೆ. ಅಂತೂ ಚೆಲ್ಲಿದ ಬೋರ್ಡೋ ಯಾವ ಕಡೆಯಿಂದ ನೋಡಿದರೂ ಈ ದೋಣಿಗೆ ಆಗದ ವಸ್ತು. ಕರಾವಳಿಯ ಕೈಪಿಡಿಗಳಲ್ಲಿ ಈ ಸಂಗತಿ ಸಿಗುವುದಿಲ್ಲ, ಅಲ್ಲಿ ಯಾರೂ ದೋಣಿಯಲ್ಲಿ ಮೈಲುತುತ್ತ ಹೊರುವುದಿಲ್ಲವಲ್ಲ.

ಕಚ್ಚಿದ ಬೋಲ್ಟು ತೆಗೆಯುವುದು

ಆರ್‌ಪಾರ್ ಬೋಲ್ಟುಗಳು, ಎಂದರೆ ತೂತು ದಾಟಿ ಆಚೆ ನಟ್ಟು ಬಿಗಿದವು, ನಟ್ಟು ತೆಗೆದು ಹೊಡೆದರೆ ಬಂದವು. ತಲೆನೋವಾದದ್ದು ಎರಕದ ಕ್ಲೀಟುಗಳಲ್ಲಿ, ಎಂದರೆ ಹಗ್ಗ ಕಟ್ಟುವ ಕೊಂಬುಗಳಲ್ಲಿ, ನೇರವಾಗಿ ಥ್ರೆಡ್ ಹೊಡೆದು ಕೂರಿಸಿದ್ದ 8 ಮಿ.ಮೀ. ಬೋಲ್ಟುಗಳು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದರೆ ತಲೆ ತುಂಡಾಗುತ್ತದೆ, ಆಮೇಲೆ ಕೆಲಸ ನಾಲ್ಕು ಪಟ್ಟು.

ಮೊದಲು ಅಸಿಟೋನ್ ಮತ್ತು ಗೇರ್‌ಬಾಕ್ಸಿನ ಎಟಿಎಫ್ ಎಣ್ಣೆ ಸಮ ಸಮ ಬೆರೆಸಿ ಬುಡಕ್ಕೆ ಬಿಡಬೇಕು, ರಾತ್ರಿಯಿಡೀ ನೆನೆಯಲಿ. ಅಸಿಟೋನ್ ಬೆಂಕಿ ಹಿಡಿಯುವಂಥದ್ದು. ಪೂರಾ ಆರುವ ತನಕ ಶಾಖದ ಮಾತು ಬೇಡ. ಮಾರನೆಯ ದಿನ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಸಣ್ಣ ಸಣ್ಣ ಏಟು, ಆಮೇಲೆ ಹೀಟ್ ಗನ್. ಕಾಯಿಸಬೇಕಾದದ್ದು ಬೋಲ್ಟನ್ನಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂ ಅನ್ನು. ಒಂದು ಡಿಗ್ರಿಗೆ ಮೀಟರಿಗೆ ಅಲ್ಯೂಮಿನಿಯಂ 23 ಮೈಕ್ರಾನ್ ಹಿಗ್ಗಿದರೆ 316 ಹಿಗ್ಗುವುದು 16. ತೂತು ಬೋಲ್ಟಿಗಿಂತ ಹೆಚ್ಚು ಅರಳುತ್ತದೆ, ಬಿಳಿ ಪುಡಿಯ ಹಿಡಿತ ಬಿರಿಯುತ್ತದೆ. 150 ಡಿಗ್ರಿ ದಾಟುವುದು ಬೇಡ, ಹದಗೊಳಿಸಿದ ಅಲ್ಯೂಮಿನಿಯಂ ಮೆತ್ತಗಾಗುತ್ತದೆ. ಗ್ಯಾಸ್ ಟಾರ್ಚಿನಲ್ಲಿ ಈ ಮಿತಿ ಹಿಡಿಯುವುದು ಕಷ್ಟ. ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಸುವುದಿಲ್ಲ, ನೇರ ಕುಸಿಯುತ್ತದೆ.

ಬಿಚ್ಚುವಾಗ ಒಂದೇ ದಿಕ್ಕಿಗೆ ಎಳೆಯದೆ, ಕಾಲು ಸುತ್ತು ಬಿಚ್ಚಿ, ಅರ್ಧ ಅಷ್ಟು ವಾಪಸು ಬಿಗಿದು, ಎಣ್ಣೆ ಬಿಟ್ಟು ಮತ್ತೆ ಬಿಚ್ಚುವುದು. ಪುಡಿ ಥ್ರೆಡ್ಡಿನಲ್ಲೇ ಅರೆದು ಹೊರಬರುತ್ತದೆ.

ಹೀಗೆ ಮಾಡಿಯೂ ಎರಡು ಬೋಲ್ಟುಗಳ ತಲೆ ಹೋಯಿತು. ಒಂದರಲ್ಲಿ ತುಂಡು 3 ಮಿ.ಮೀ. ಮೇಲೆ ಉಳಿದಿತ್ತು. ಎಂಜಿನ್ ಮತ್ತು ಬ್ಯಾಟರಿ ವೈರು ಕಳಚಿ, ಆ ತುಂಡಿನ ಮೇಲೆ 10 ಮಿ.ಮೀ. ನಟ್ಟು ಇಟ್ಟು, ಒಳಗಿನಿಂದ ಟಿಗ್‌ (ಆರ್ಗಾನ್ ವೆಲ್ಡಿಂಗ್) ನಲ್ಲಿ 309 ಸ್ಟೇನ್‌ಲೆಸ್ ಕಡ್ಡಿಯಿಂದ ತುಂಬಿ ಬೆಸೆಯಲಾಯಿತು. ಬೆಸುಗೆಯ ಶಾಖವೇ ಹಿಡಿತ ಸಡಿಲಿಸುತ್ತದೆ, ನಟ್ಟು ಸ್ಪ್ಯಾನರಿಗೆ ಹೊಸ ತಲೆಯಾಗುತ್ತದೆ. ಕೈ ತಾಗಿಸುವಷ್ಟು ತಣಿಯುವ ತನಕ ಕಾಯಬೇಕು; ಬಿಸಿಯಲ್ಲೇ ತಿರುಗಿಸಿದರೆ ಬೆಸುಗೆ ಬಿಡುತ್ತದೆ.

ಇನ್ನೊಂದು ಮಟ್ಟಸವಾಗಿ ಮುರಿದಿತ್ತು. ಡ್ರಿಲ್ ಮಾಡದೆ ಗತಿಯಿಲ್ಲ. ಮೇಲ್ಮೈ ಅರದಿಂದ ಸಮ ಮಾಡಿ, ನಡುವಿಗೆ ಪಂಚ್ ಹೊಡೆದು, 3 ಮಿ.ಮೀ. ಕೋಬಾಲ್ಟ್ ಬಿಟ್‌ನಿಂದ ಶುರು. 5 ಮಿ.ಮೀ. ಬಿಟ್‌ಗೆ ನಿಮಿಷಕ್ಕೆ 600 ಸುತ್ತು ಸಾಕು, ಕಟಿಂಗ್ ಎಣ್ಣೆ ಬೇಕು, ಒತ್ತಡ ಬಿಡಬಾರದು. ಬಿಟ್ ಉಜ್ಜುತ್ತಾ ನಿಂತರೆ ಸ್ಟೇನ್‌ಲೆಸ್ ಆ ಜಾಗದಲ್ಲೇ ಗಡುಸಾಗಿ, ಮುಂದಿನ ಬಿಟ್ ಮೆತ್ತನೆಯ ಅಲ್ಯೂಮಿನಿಯಂ ಕಡೆಗೆ ಜಾರುತ್ತದೆ. ಆಣಿ ಕೀಳುವ ಎಕ್ಸ್‌ಟ್ರಾಕ್ಟರ್ ಬಳಸದಿರುವುದೇ ಮೇಲು. ಅದು ಒಳಗೆ ಮುರಿದರೆ ಸಾಮಾನ್ಯ ಬಿಟ್ ಅದನ್ನು ಕೊರೆಯದು.

ತೂತುಗಳ ದುರಸ್ತಿ

ತಿಂದುಹೋದ ಕಂಬದ ಬುಡಕ್ಕೆ ಒಳಗಿನಿಂದ 100 × 100 ಮಿ.ಮೀ. ಅಳತೆಯ, 4 ಮಿ.ಮೀ. ದಪ್ಪದ 5083 ತೇಪೆ, 5356 ವೈರಿನಲ್ಲಿ ವೆಲ್ಡಿಂಗ್. ಅದಕ್ಕೆ ಮೊದಲು ಬಿಳಿ ಪುಡಿಯನ್ನು ಸ್ಟೇನ್‌ಲೆಸ್ ಬ್ರಷ್‌ನಿಂದ ಉಜ್ಜಿ, ಬಿಸಿನೀರಿನಿಂದ ಮೂರ್ನಾಲ್ಕು ಸಲ ತೊಳೆದು, ಸಿಲ್ವರ್ ನೈಟ್ರೇಟ್ ಪರೀಕ್ಷೆಯಲ್ಲಿ ನೀರು ತಿಳಿಯಾಗಿ ಉಳಿಯುವ ತನಕ ಮತ್ತೆ ತೊಳೆಯುವುದು. ಕಬ್ಬಿಣಕ್ಕೆ ಬಳಸಿದ ಬ್ರಷ್ ಇಲ್ಲಿ ಬೇಡ, ಕಬ್ಬಿಣದ ಕಣ ಅಲ್ಯೂಮಿನಿಯಂನಲ್ಲಿ ನೆಟ್ಟುಕೊಳ್ಳುತ್ತದೆ. ಕಾಸ್ಟಿಕ್ ಸೋಡಾ ಇರುವ ಕ್ಲೀನರ್ ಹತ್ತಿರವೂ ತರಬಾರದು. 180 ನಂಬರ್ ಎಮರಿ ಹೊಡೆದು ಅಸಿಟೋನ್‌ನಲ್ಲಿ ಒರೆಸಿ, ಅದೇ ದಿನ ಎಪಾಕ್ಸಿ ಪ್ರೈಮರ್. ತೂತಿನ ಒಳಗೋಡೆಗೂ ಪ್ರೈಮರ್ ಬೇಕು. ಅಲ್ಲಿ ಬಿಟ್ಟರೆ ಉಳಿದದ್ದೆಲ್ಲ ಅಲಂಕಾರ.

ಕ್ಲೀಟಿನ ಹಾಳಾದ ಥ್ರೆಡ್ಡಿಗೆ ಹೆಲಿಕಾಯಿಲ್, ಎಂದರೆ ಹೊಸ ಥ್ರೆಡ್ ಕೊಡುವ ತಂತಿಯ ಸುರುಳಿ, ಹಾಕುವ ಯೋಚನೆ ಇತ್ತು. ಅದೂ ಸ್ಟೇನ್‌ಲೆಸ್ ಸುರುಳಿಯೇ, ಸಮಸ್ಯೆ ಒಂದು ಮಿಲಿಮೀಟರ್ ಹೊರಗೆ ಸರಿಯುತ್ತದೆ ಅಷ್ಟೆ. ಥ್ರೆಡ್ ತೆಗೆದುಹಾಕಿ ಆರ್‌ಪಾರ್ ತೂತು ಮಾಡಿ, ಅಡಿಯಲ್ಲಿ ನಟ್ಟು ಕೊಡುವುದೇ ವಾಸಿ ಎಂದು ತೀರ್ಮಾನವಾಯಿತು.

ಮತ್ತೆ ಜೋಡಿಸಿದ ಬಗೆ

ಬೋಲ್ಟು ಅಲ್ಯೂಮಿನಿಯಂಗೆ ಮೂರು ಕಡೆ ತಾಗುತ್ತದೆ: ತಲೆಯ ಕೆಳಗೆ, ತೂತಿನೊಳಗೆ, ನಟ್ಟಿನ ಕಡೆ. ಪ್ಲಾಸ್ಟಿಕ್ ವಾಷರ್ ಹಾಕಿಯೂ ಕೆಟ್ಟಿತು ಎನ್ನುವ ಕಡೆಗಳಲ್ಲಿ ಸಾಮಾನ್ಯವಾಗಿ ನಡುವಿನದನ್ನು ಬಿಟ್ಟಿರುತ್ತಾರೆ.

8 ಮಿ.ಮೀ. ಬೋಲ್ಟಿಗೆ ತೂತನ್ನು 10.2 ಮಿ.ಮೀ.ಗೆ ಹಿಗ್ಗಿಸಿ, ಹೊರಗೆ 10, ಒಳಗೆ 8.2 ಮಿ.ಮೀ. ಇರುವ, ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ (ಕೊಳವೆ) ಕೂರಿಸಲಾಯಿತು. ಹಾಸನದ ಲೇತ್ ಶಾಪಿನಲ್ಲಿ ಡೆಲ್ರಿನ್ ರಾಡ್ ಎಂದರೆ ಗೊತ್ತಾಗುತ್ತದೆ. ಬುಷ್ಷಿನ ಒಂದು ತುದಿಗೆ ಅಂಚು ಬಿಟ್ಟು ತಿರುಗಿಸಿಕೊಂಡರೆ ತಲೆಯ ಕೆಳಗಿನ ವಾಷರೂ ಅದೇ ಆಗುತ್ತದೆ. ನೈಲಾನ್ ಅಗ್ಗ, ಆದರೆ ನೀರು ಕುಡಿದು ಊದುತ್ತದೆ. ಬುಷ್ಷಿನ ಉದ್ದ ಎರಡೂ ತಗಡಿನ ಒಟ್ಟು ದಪ್ಪಕ್ಕಿಂತ ಅರ್ಧ ಮಿ.ಮೀ. ಕಡಿಮೆ ಇರಬೇಕು, ಹೆಚ್ಚಾದರೆ ಬಿಗಿತವೆಲ್ಲ ಬುಷ್ಷಿನ ಮೇಲೆ ಬಿದ್ದು ಕಂಬ ಅಲುಗಾಡುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಅಗಲದ 316 ವಾಷರ್, ಅದರ ಮೇಲೆ ತಲೆ. ಬುಡ ಮತ್ತು ದೋಣಿಯ ಅಂಚಿನ ನಡುವೆ ಹಾಸಾಗಿ ಹಳೆಯ ನೀಲಿ ಎಚ್‌ಡಿಪಿಇ ಡ್ರಮ್ಮಿನ ಗೋಡೆ ಕತ್ತರಿಸಿ ಹಾಕಲಾಯಿತು. ದಪ್ಪ 3 ಮಿ.ಮೀ. ಹತ್ತಿರ. ರಬ್ಬರ್ ಹಾಳೆ ಬೇಡ ಎಂದದ್ದು, ಕಪ್ಪು ರಬ್ಬರಿನಲ್ಲಿ ಕಾರ್ಬನ್ ಇರುವುದರಿಂದ.

ಥ್ರೆಡ್ಡಿಗೆ ಟೆಫ್ಲಾನ್ ಇರುವ ಟೆಫ್-ಜೆಲ್ ಥರದ ಪೇಸ್ಟ್, ಇಲ್ಲವಾದರೆ ಲ್ಯಾನೊಲಿನ್ ಗ್ರೀಸ್. ಡ್ಯುರಾಲಾಕ್ ಎಂಬ ಪೇಸ್ಟ್ ಹಳೆಯದು, ಒಳ್ಳೆಯದೇ, ಆದರೆ ಅದರ ಮೂಲ ಬಗೆಯಲ್ಲಿ ಬೇರಿಯಂ ಕ್ರೋಮೇಟ್ ಇದೆ, ಕೈಗವಸಿಲ್ಲದೆ ಮುಟ್ಟುವಂಥದ್ದಲ್ಲ. ಗ್ಯಾರೇಜಿನಲ್ಲಿ ಸುಲಭವಾಗಿ ಸಿಗುವ ತಾಮ್ರದ ಆ್ಯಂಟಿ-ಸೀಜ್ ಮತ್ತು ಗ್ರಾಫೈಟ್ ಗ್ರೀಸ್ ಎರಡನ್ನೂ ಇಲ್ಲಿ ಬಳಸಕೂಡದು. ಗ್ರಾಫೈಟ್ ಸ್ಟೇನ್‌ಲೆಸ್ಸಿಗಿಂತಲೂ ಮೇಲಿನ ಲೋಹದಂತೆ ವರ್ತಿಸುತ್ತದೆ, ತಾಮ್ರದ ಕಥೆ ಡ್ರಮ್ಮಿನ ಅಡಿಯಲ್ಲಿ ಕಂಡಿದ್ದೇವೆ.

ಪೇಸ್ಟ್ ಇನ್ನೊಂದಕ್ಕೂ ಬೇಕು. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನೈಲಾಕ್ ನಟ್ಟನ್ನು ಒಣಗಿದ ಹಾಗೇ ಇಂಪ್ಯಾಕ್ಟ್ ಗನ್ನಿನಲ್ಲಿ ಹೊಡೆದರೆ ಥ್ರೆಡ್ ಥ್ರೆಡ್ಡಿಗೇ ಅಂಟಿಕೊಳ್ಳುತ್ತದೆ. ಕೈ ಸ್ಪ್ಯಾನರ್, ನಿಧಾನ.

ಸೀಲಿಂಗಿಗೆ ಪಾಲಿಯುರೆಥೇನ್ ಸೀಲಂಟ್. ಹುಳಿ ವಿನೆಗರ್ ವಾಸನೆಯ ಸಿಲಿಕೋನ್ ಆರುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ, ಅದು ಬೇಡ. ಹಾಸು, ಬುಡ, ಬುಷ್ಷಿನ ಹೊರಮೈ ಎಲ್ಲಕ್ಕೂ ಬಳಿದು, ನಟ್ಟನ್ನು ಕೈಯಲ್ಲಿ ತಿರುಗಿಸಿ ಸುತ್ತಲೂ ಸೀಲಂಟ್ ಇಣುಕುವಲ್ಲಿಗೆ ನಿಲ್ಲಿಸಬೇಕು. 24 ಗಂಟೆ ಬಿಟ್ಟು ಕೊನೆಯ ಅರ್ಧ ಸುತ್ತು, ಬೋಲ್ಟಿನ ತಲೆ ಹಿಡಿದುಕೊಂಡು ನಟ್ಟು ಮಾತ್ರ ತಿರುಗಿಸಿ. ಮೊದಲ ದಿನವೇ ಪೂರಾ ಬಿಗಿದರೆ ಸೀಲಂಟ್ ಎಲ್ಲ ಹೊರಗೆ ಹಿಂಡಿ, ಒಳಗೆ ಕಾಗದದಷ್ಟೂ ಉಳಿಯುವುದಿಲ್ಲ. ಪ್ಲಾಸ್ಟಿಕ್ ವಾಷರ್ ಇರುವ 8 ಮಿ.ಮೀ. ಬೋಲ್ಟಿಗೆ 10 ನ್ಯೂಟನ್ ಮೀಟರ್ ಬಿಗಿತ ಸಾಕು.

ಬಣ್ಣ ಹೊಡೆಯುವಾಗ ಬೋಲ್ಟಿನ ತಲೆಗೂ ಹೊಡೆದದ್ದು ಚಂದಕ್ಕಲ್ಲ. ಅಲ್ಯೂಮಿನಿಯಂಗೆ ಮಾತ್ರ ಬಣ್ಣ ಬಳಿದು ಬೋಲ್ಟು ಬೆತ್ತಲೆ ಬಿಟ್ಟರೆ, ಬಣ್ಣದ ಒಂದು ಗೀರಿನ ಮೇಲೆ ಇಡೀ ದಾಳಿ ಬೀಳುತ್ತದೆ. ಒಂದಕ್ಕೆ ಮಾತ್ರ ಬಳಿಯುವಷ್ಟು ಬಣ್ಣವಿದ್ದರೆ ಅದು ಬೋಲ್ಟಿಗೆ ಹೋಗಲಿ.

ಬೀಪ್ ನಿಲ್ಲದ ಒಂದು ಬುಡ

ಜೋಡಿಸಿದ ಪ್ರತಿ ಬೋಲ್ಟಿಗೂ ಮಲ್ಟಿಮೀಟರಿನ ಬೀಪ್ ಪರೀಕ್ಷೆ: ಒಂದು ಕಡ್ಡಿ ಬೋಲ್ಟಿಗೆ, ಇನ್ನೊಂದು ತಗಡಿನ ಬರಿ ಲೋಹಕ್ಕೆ. ಬೀಪ್ ಬರಬಾರದು. ಬಣ್ಣದ ಮೊದಲೇ ಮಾಡಬೇಕು. ಎರಡು ಕಡೆ ಬೀಪ್ ಬಂತು. ಬಿಚ್ಚಿ ನೋಡಿದರೆ ತೂತಿನಲ್ಲಿ ಡ್ರಿಲ್ಲಿನ ಅಲ್ಯೂಮಿನಿಯಂ ಸುರುಳಿ ಚೂರು ಉಳಿದಿತ್ತು, ತೆಗೆದಾಗ ಸರಿಹೋಯಿತು.

ಬಲಬದಿಯ ಮುಂದಿನ ಬುಡದಲ್ಲಿ ಮಾತ್ರ ಏನು ಮಾಡಿದರೂ ಬೀಪ್ ನಿಲ್ಲಲಿಲ್ಲ. ಬುಷ್ ಸರಿ, ವಾಷರ್ ಸರಿ. ಕೊನೆಗೆ ಸಿಕ್ಕಿದ್ದು ಛಾವಣಿಯ ಎಲ್‌ಇಡಿ ದೀಪದ ನೆಗೆಟಿವ್ ವೈರು. ಅದರ ರಿಂಗ್ ಲಗ್ಗನ್ನು ಅದೇ ಬೋಲ್ಟಿನ ನಟ್ಟಿನಡಿ ಸಿಕ್ಕಿಸಿದ್ದರು. ವೈರು ಬ್ಯಾಟರಿಯ ನೆಗೆಟಿವ್‌ಗೆ, ಬ್ಯಾಟರಿಯ ನೆಗೆಟಿವ್ ಎಂಜಿನ್ ಬ್ಲಾಕಿಗೆ, ಬ್ಲಾಕು ಕ್ಲ್ಯಾಂಪಿನ ಮೂಲಕ ದೋಣಿಗೆ. ಪ್ಲಾಸ್ಟಿಕ್ಕಿನಲ್ಲಿ ಬೇರ್ಪಡಿಸಿದ ಬೋಲ್ಟನ್ನು ವೈರು ಸುತ್ತುಬಳಸಿ ಮತ್ತೆ ಅದೇ ತಗಡಿಗೆ ಜೋಡಿಸಿತ್ತು. ದೀಪಕ್ಕೆ ಎರಡು ವೈರು ಪ್ರತ್ಯೇಕ ಎಳೆದು ಟರ್ಮಿನಲ್ ಬ್ಲಾಕಿಗೆ ಕೊಡಲಾಯಿತು. ಜೊತೆಗೆ ಎಲ್ಲ ಸ್ವಿಚ್ ಆರಿಸಿ, ಬ್ಯಾಟರಿಯ ಪಾಸಿಟಿವ್ ಕಳಚಿ, ನಡುವೆ ಮಿಲಿಆಂಪ್ ಮೀಟರ್ ಇಟ್ಟು ಸೋರಿಕೆ ಇಲ್ಲವೆಂದು ನೋಡಿಕೊಳ್ಳಬೇಕು. ತಳದ ನೀರಿನಲ್ಲಿ ಬಿದ್ದ ಪಾಸಿಟಿವ್ ವೈರು ಮಾಡುವ ಹಾನಿಯ ಮುಂದೆ ಬೋಲ್ಟಿನ 0.7 ವೋಲ್ಟ್ ಏನೂ ಅಲ್ಲ.

ನೀರಿನೊಳಗಿನ ಭಾಗ

ಹಿಂಬದಿಯ ಹಲಗೆಗೆ ಕಟ್ಟಿದ್ದ ಜಿಂಕ್ ಬಿಲ್ಲೆ ಹೆಚ್ಚುಕಡಿಮೆ ಪೂರ್ತಿ ಉಳಿದಿತ್ತು, ಮೇಲೆ ಗಟ್ಟಿ ಬೂದು ಪದರ. ಜಿಂಕ್ ಸವೆದಿಲ್ಲ, ಹಾಗಾದರೆ ದೋಣಿ ಸುಖವಾಗಿದೆ ಎಂದುಕೊಳ್ಳುವುದು ಸಹಜ, ವಿಷಯ ತಿರುಗುಮುರುಗು. ಸಿಹಿನೀರಿನಲ್ಲಿ ಜಿಂಕ್ ಮೇಲೆ ಪದರ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ಹಿನ್ನೀರಿಗೆ ಬೇಕಾದದ್ದು ಮೆಗ್ನೀಸಿಯಂ. ಇದೇ ದೋಣಿ ಮುಂದೆಂದಾದರೂ ಅಳಿವೆಗೆ ಇಳಿಯುವುದಾದರೆ ಮೆಗ್ನೀಸಿಯಂ ಬಿಚ್ಚಿ ಅಲ್ಯೂಮಿನಿಯಂ ಬಿಲ್ಲೆ ಹಾಕಬೇಕು. ಉಪ್ಪುನೀರಿನಲ್ಲಿ ಮೆಗ್ನೀಸಿಯಂ ಅತಿಯಾಗಿ ಎಳೆದು, ತಗಡಿನ ಮೇಲೆ ಕ್ಷಾರ ಹುಟ್ಟಿಸಿ ಅದನ್ನೇ ಕೆಡಿಸುತ್ತದೆ. ಈ ಬಿಲ್ಲೆಯ ಜೋಡಣೆಯಲ್ಲಿ ಮಾತ್ರ ಬಣ್ಣ, ಸೀಲಂಟ್, ಪ್ಲಾಸ್ಟಿಕ್ ಯಾವುದೂ ಇರಬಾರದು. ಇಡೀ ದೋಣಿಯಲ್ಲಿ ಬೀಪ್ ಬರಲೇಬೇಕಾದ ಜಾಗ ಇದೊಂದೇ.

ಡ್ರಮ್ಮಿಗೆ ಮಾಡಿದ ಏರ್ಪಾಡು

ತಳದ ಗುಳಿಗಳಲ್ಲಿ ಅತಿ ಆಳದ್ದು 1 ಮಿ.ಮೀ. ಒಳಗೇ ಇದ್ದುದರಿಂದ ತಗಡು ಬದಲಿಸಲಿಲ್ಲ. ಉಜ್ಜಿ, ತೊಳೆದು, ಎಪಾಕ್ಸಿ ತುಂಬಿ, ಎರಡು ಕೋಟ್ ಪ್ರೈಮರ್. ಅದರ ಮೇಲೆ ನಾಲ್ಕೂ ಕಡೆ ಅಂಚಿರುವ ಪ್ಲಾಸ್ಟಿಕ್ ಟ್ರೇ, ಡ್ರಮ್ಮು ಅದರೊಳಗೆ ಮಾತ್ರ. ಕಲಸಿದ ದ್ರಾವಣದ ಬದಲು ಮೈಲುತುತ್ತ ಮತ್ತು ಸುಣ್ಣವನ್ನು ಮೂಟೆಯಲ್ಲೇ ದಾಟಿಸಿ ಆಚೆ ದಂಡೆಯಲ್ಲಿ ಕಲಸಿಕೊಂಡರೆ ಟ್ರೇಯ ಅಗತ್ಯವೇ ಇರುವುದಿಲ್ಲ, ಆದರೆ ಅಲ್ಲಿ ಕಲಸುವ ತೊಟ್ಟಿ ಇಲ್ಲ. ಸ್ಪ್ರೇ ಪಂಪಿನ ಹಿತ್ತಾಳೆ ನಾಜಲ್ ಮತ್ತು ಗನ್ನುಗಳನ್ನು ತಳದಲ್ಲಿ ಹಾಗೇ ಬಿಸಾಡುವುದನ್ನೂ ನಿಲ್ಲಿಸಬೇಕಾಯಿತು; ಒದ್ದೆ ತಗಡಿನ ಮೇಲೆ ಹಿತ್ತಾಳೆ ಎಂದರೆ ಮತ್ತೆ ತಾಮ್ರವೇ.

ಬೇರ್ಪಡಿಸಲಾಗದೆ ಉಳಿದದ್ದು ಎಂಜಿನ್ನಿನ 12 ಮಿ.ಮೀ. ಬೋಲ್ಟುಗಳು. ಎಂಜಿನ್ ಕ್ಲ್ಯಾಂಪೇ ಅಲ್ಯೂಮಿನಿಯಂ, ಅದರ ಬಿಗಿತಕ್ಕೆ ಪ್ಲಾಸ್ಟಿಕ್ ತಡೆಯುವುದಿಲ್ಲ. ಅಲ್ಲಿ ಪೇಸ್ಟ್ ಮತ್ತು ಸೀಲಂಟ್ ಎರಡೇ ರಕ್ಷಣೆ. ಆ ಬೋಲ್ಟುಗಳನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು, ಒಂದೊಂದಾಗಿ ಹೊರತೆಗೆದು ಒರೆಸಿ, ಹೊಸ ಪೇಸ್ಟ್ ಹಾಕಿ ಮತ್ತೆ ಬಿಗಿಯಬೇಕು. ತೆಗೆಯುವಾಗ ಬಿಳಿ ಪುಡಿ ಕಂಡರೆ ಸೀಲಂಟ್ ಬಿಟ್ಟಿದೆ ಎಂದೇ ಅರ್ಥ. ಆ ವರ್ಷ ಎಂಜಿನ್ ಇಳಿಸಿ ಹಾಸನ್ನು ಪೂರಾ ಹೊಸದಾಗಿ ಬಳಿಯುವುದು.